ಹೊಡೆಯದ ಗಂಡನ ಹಿಡಿತವನ್ನು ಅಳೆಯುವುದು ಹೇಗೆ?

ಸುರತ್ಕಲ್ ಕಡೆಯ ಒಬ್ಬರು ಅಕ್ಕ ಬ್ಯಾಗಿನಿಂದ ಒಂದು ತೊಟ್ಟೆ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಬರೀ ಬಸ್ ಟಿಕೆಟ್. ಒಂದೊಂದು ತಿಂಗಳಿನದ್ದಕ್ಕೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರು.

"ಟಿಕೆಟಿನಲ್ಲಿ ಟೈಮ್ ಇರ್ತದಲ್ವಾ, ಅವರು ನೋಡ್ತಾರೆ" ಅಂದರು. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದ ಹೊತ್ತಿಗೂ ಮನೆಯ ಮೆಟ್ಟಿಲು ಹತ್ತಿದ ಹೊತ್ತಿಗೂ ತಾಳೆ ಆಗಬೇಕು. ಕೂಳೂರು ಸಂಕದ ಹತ್ತಿರ ಬ್ಲಾಕ್ ಆದರೆ ಆ ರಾತ್ರಿ ಮುಗಿಯಿತು. ಲೇಟಾಗಲಿ ಆಗದಿರಲಿ, ಟಿಕೆಟ್ ಮಾತ್ರ ತೋರಿಸಲೇಬೇಕು.

"ಹೊಡೆಯುತ್ತಾರಾ?"

"ಛೆ, ಇಲ್ಲ ಅಕ್ಕ. ಹೊಡೆದು ನಾಲ್ಕು ವರ್ಷ ಆಯ್ತು."

ಮಂಗಳೂರಿನ ಒಂದು ಮಹಿಳಾ ಗುಂಪಿನಲ್ಲಿ ಕೆಲವು ವರ್ಷ ನನ್ನ ಕೆಲಸ ಇದೇ ಆಗಿತ್ತು: ಬಂದವರ ಎದುರು ಕೂತು ಮೊದಲ ಮಾತು ಕೇಳಿಸಿಕೊಳ್ಳುವುದು. ಈ "ಹೊಡೆಯುದಿಲ್ಲ" ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾಲ್ಕು ವರ್ಷದಿಂದ ಏಟು ಬೀಳದ್ದು ಗಂಡ ಬದಲಾದ್ದಕ್ಕಲ್ಲ, ಹೊಡೆಯುವ ಅಗತ್ಯ ಬೀಳದ್ದಕ್ಕೆ. ಒಂದು ನೋಟ ಸಾಕಾಗಿತ್ತು. ಇದಕ್ಕೆ ಕನ್ನಡದಲ್ಲಿ "ಬಲವಂತದ ನಿಯಂತ್ರಣ" ಎಂಬ ಪುಸ್ತಕದ ಮಾತು ಉಂಟು. ನಾನು ಇಲ್ಲಿ ಸುಮ್ನೆ "ಹಿಡಿತ" ಅನ್ನುತ್ತೇನೆ.

ಈ ಬರಹ ಹಿಡಿತದಲ್ಲಿ ಇರುವವರಿಗೆ ಮತ್ತು ಅವರ ಅಕ್ಕ, ತಂಗಿ, ಗೆಳತಿ, ಪಕ್ಕದ ಮನೆಯವರಿಗೆ. ಗುರುತು ಸಿಗದ ಹಾಗೆ ಒಂದೆರಡು ಸಂಗತಿ ಬದಲಿಸಿದ್ದೇನೆ.

ಏಟು ಎಣಿಸಿದರೆ ಏನು ತಪ್ಪಿಹೋಗುತ್ತದೆ

ಮನೆಯೊಳಗಿನ ಹಿಂಸೆಯನ್ನು ಎಣಿಸುವ ಹೆಸರುವಾಸಿ ಅಳತೆಗೋಲನ್ನು ಅಮೆರಿಕದ ಮರ್ರೆ ಸ್ಟ್ರಾಸ್ 1979ರಲ್ಲಿ ಕೊಟ್ಟರು. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ತಳ್ಳಿದರು, ಎಷ್ಟು ಸಲ ಕೆನ್ನೆಗೆ ಬಾರಿಸಿದರು ಅಂತ ಲೆಕ್ಕ. ಟಿಕೆಟಿನ ಅಕ್ಕನಿಗೆ ಈ ಏಟಿನ ಲೆಕ್ಕ ಹಿಡಿದರೆ ಸೊನ್ನೆ ಬರುತ್ತದೆ. ಇನ್ನೊಂದು ಮನೆಯಲ್ಲಿ ಜಗಳದಲ್ಲಿ ಇಬ್ಬರೂ ಒಂದೊಂದು ಸಲ ಕೈ ಎತ್ತಿರುತ್ತಾರೆ, ಮರುದಿನ ಇಬ್ಬರೂ ನಾಚಿಕೊಂಡು ಚಹಾ ಕುಡಿಯುತ್ತಾರೆ. ಅಲ್ಲಿ ಅಂಕ ಜಾಸ್ತಿ! ಈ ಎರಡು ಮನೆ ಒಂದೇ ಅಲ್ಲ ಅಂತ ಮೈಕೆಲ್ ಜಾನ್ಸನ್ ಎಂಬ ಸಮಾಜವಿಜ್ಞಾನಿ 1995ರಲ್ಲೇ ಬೇರೆ ಮಾಡಿ ತೋರಿಸಿದರು. ಆಮೇಲೆ 2007ರಲ್ಲಿ ಇವಾನ್ ಸ್ಟಾರ್ಕ್ ಇನ್ನೂ ಖಡಾಖಂಡಿತವಾಗಿ ಹೇಳಿದರು: ಇಲ್ಲಿ ಕಿತ್ತುಕೊಳ್ಳುವುದು ಸ್ವಾತಂತ್ರ್ಯವನ್ನು, ಏಟು ಅದರ ಒಂದು ಸಾಧನ ಮಾತ್ರ.

ಅಳೆಯುವವರಿಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೇರಿ ಆನ್ ಡಟನ್ ಮತ್ತು ಲೀಸಾ ಗುಡ್‌ಮನ್ 2005ರಲ್ಲಿ ಬರೆದದ್ದು. ಹಿಡಿತಕ್ಕೆ ಕಾಲು ಮೂರು: ಒಂದು ಅಪ್ಪಣೆ, ಅದರ ಹಿಂದೆ ನಂಬುವಂಥ ಬೆದರಿಕೆ, ಅಪ್ಪಣೆ ಪಾಲಿಸಿದೆಯೋ ಇಲ್ಲವೋ ಅಂತ ನೋಡುವ ಕಣ್ಣು. ಟಿಕೆಟ್ ಆ ಮೂರನೆಯದ್ದು. ಕೆಳಗಿನ ಕ್ರಮ ಇದರ ಮೇಲೆಯೇ ನಿಂತಿದೆ.

ನಮ್ಮ ದೇಶದ ಲೆಕ್ಕವೂ ಉಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತು 2019ರಿಂದ 21ರವರೆಗೆ ನಡೆಯಿತು. ಅದರಲ್ಲಿ ಕರ್ನಾಟಕದ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ 44.4 ಶೇಕಡಾ ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು 20.6 ಇತ್ತು. ಅದೇ ಸಮೀಕ್ಷೆ ಹಿಡಿತದ ಬಗ್ಗೆಯೂ ಕೇಳುತ್ತದೆ: ಬೇರೆ ಗಂಡಸರ ಜೊತೆ ಮಾತಾಡಿದರೆ ಸಿಟ್ಟಾಗುತ್ತಾರಾ, ಗೆಳತಿಯರನ್ನು ನೋಡಲು ಬಿಡುತ್ತಾರಾ, ತವರಿನ ಸಂಪರ್ಕ ಕಡಿಮೆ ಮಾಡಿಸುತ್ತಾರಾ, ಯಾವಾಗಲೂ ಎಲ್ಲಿದ್ದೀ ಅಂತ ಕೇಳುತ್ತಾರಾ. ಒಳ್ಳೆಯ ಪ್ರಶ್ನೆಗಳೇ. ಆದರೆ ಹೌದು, ಇಲ್ಲ ಅನ್ನುವಲ್ಲಿಗೆ ನಿಲ್ಲುತ್ತವೆ. "ಎಲ್ಲಿದ್ದೀ" ಅಂತ ನನ್ನ ಗಂಡನೂ ಕೇಳುತ್ತಾರೆ, ಜೋರು ಮಳೆಯ ದಿನ ಎರಡು ಸಲ ಕೇಳುತ್ತಾರೆ. ನಾನು ಫೋನ್ ಎತ್ತದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ವ್ಯತ್ಯಾಸ ಇರುವುದು ಆ ಜಾಗದಲ್ಲಿ.

ಮೊದಲ ಹೆಜ್ಜೆ: ಬರೆದದ್ದು ಎಲ್ಲಿ ಇಡುತ್ತೀರಿ?

ಅಳೆಯುವ ಮೊದಲು ಇದನ್ನು ತೀರ್ಮಾನ ಮಾಡಿ. ಸಿಕ್ಕಿಬಿದ್ದ ಪುಸ್ತಕ, ಬರೆಯದ ಪುಸ್ತಕಕ್ಕಿಂತ ಕೆಟ್ಟದ್ದು.

ಗಂಡನ ಕೈಗೆ ಹೋಗುವ ಫೋನಿನಲ್ಲಿ ಬರೆಯಬೇಡಿ. ವಾಟ್ಸಾಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ಅಂತ ಒಂದು ಜಾಗ ಇದೆ, ಅಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ನಿಮ್ಮ ಮೆಸೇಜು ಬೇರೆ ಕಡೆಯೂ ತೆರೆದುಕೊಂಡಿದೆ. ಫೋನ್ ಕೊಂಡವರು ಅವರು, ಗೂಗಲ್ ಖಾತೆ ಮಾಡಿಕೊಟ್ಟವರು ಅವರು ಅಂತಾದರೆ ಫೋಟೋ, ಲೊಕೇಶನ್ ಎಲ್ಲ ಅವರಿಗೆ ಕಾಣಬಹುದು. ಹಾಗಂತ ಇವತ್ತೇ ಲೊಕೇಶನ್ ಆಫ್ ಮಾಡಬೇಡಿ. ಆಫ್ ಆದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಫೋನ್ ಹಾಗೇ ಇರಲಿ, ಮುಖ್ಯ ಮಾತು ಬೇರೆಯವರ ಫೋನಿನಿಂದ ಆಗಲಿ. ಇದನ್ನು ಓದಿದ್ದೂ ಹಿಸ್ಟರಿಯಲ್ಲಿ ಉಳಿಯುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ.

ನಾನು ನೋಡಿದ ಅತ್ಯಂತ ಜಾಣ ಪುಸ್ತಕ ಅಡುಗೆಮನೆಯ ಗೋಡೆಯ ಮೇಲೆ ಇತ್ತು. ಹಾಲಿನ ಲೆಕ್ಕದ ಕ್ಯಾಲೆಂಡರ್. ಬ್ರಹ್ಮಾವರದ ಹತ್ತಿರದ ಒಬ್ಬರು ಅರ್ಧ ಲೀಟರಿಗೆ ಒಂದು ಗೀಟು ಹಾಕುವ ಜಾಗದಲ್ಲೇ ಗುರುತು ಮಾಡುತ್ತಿದ್ದರು. ಮೂಲೆಯಲ್ಲಿ ಚುಕ್ಕಿ ಅಂದರೆ ಬೈಗಳು. ಸಣ್ಣ ಸುತ್ತು ಅಂದರೆ ಹೊರಗೆ ಹೋಗಲು ಬಿಡಲಿಲ್ಲ. ಅಡ್ಡಗೆರೆ ಅಂದರೆ ದುಡ್ಡು ಕೊಡಲಿಲ್ಲ. ಗಂಡ ದಿನಾ ಅದೇ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡಿ ಹೊರಡುತ್ತಿದ್ದರು. ತಿಂಗಳು ಮುಗಿದ ಹಾಳೆಯನ್ನು ಹರಿದು ಹೆಂಡತಿ ಟೈಲರ್ ಅಂಗಡಿಯ ಗೆಳತಿಗೆ ಕೊಡುತ್ತಿದ್ದರು.

ಕ್ಯಾಲೆಂಡರಿಗೆ ಇನ್ನೊಂದು ಗುಣ ಇದೆ. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ನರ್ಸ್ 1980ರ ದಶಕದಲ್ಲಿ ಅಪಾಯ ಅಳೆಯುವ ಪ್ರಶ್ನೆಪಟ್ಟಿ ಮಾಡಿದಾಗ ಜೊತೆಗೆ ಕ್ಯಾಲೆಂಡರನ್ನೂ ಇಟ್ಟರು. "ಹಿಂಸೆ ಜಾಸ್ತಿ ಏನೂ ಆಗಿಲ್ಲ" ಅಂದಿದ್ದ ಹೆಂಗಸರು ಒಂದು ವರ್ಷದ್ದನ್ನು ಕ್ಯಾಲೆಂಡರಿನಲ್ಲಿ ಗುರುತಿಸುತ್ತಾ ಹೋದ ಮೇಲೆ, ಹಲವರು ತಮ್ಮ ಉತ್ತರವನ್ನು ತಾವೇ ಬದಲಿಸಿದರು.

ಎರಡನೆಯದು: ನಿಮ್ಮ ಮನೆಯ ಕಾನೂನು ಬರೆಯಿರಿ

"ಅವರು ಹೇಗೆ?" ಅಂತ ಕೇಳಿದರೆ ಹೆಚ್ಚಿನವರು "ಒಳ್ಳೆಯವರೇ, ಸ್ವಲ್ಪ ಸಿಟ್ಟು" ಅನ್ನುತ್ತಾರೆ. ಅದರಿಂದ ಎಂತದ್ದೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತಿದ್ದೆ: "ನಿಮ್ಮ ಮನೆಗೆ ನಾನು ಒಂದು ವಾರ ಹೆಂಡತಿಯಾಗಿ ಬರಬೇಕು ಅಂತಿಟ್ಟುಕೊಳ್ಳಿ. ಜಗಳ ಆಗದ ಹಾಗೆ ಇರಲಿಕ್ಕೆ ನನಗೆ ಎಂತೆಲ್ಲ ಹೇಳಿಕೊಡ್ತೀರಿ?"

ಮೊದಲು ನಗುತ್ತಾರೆ. ಆಮೇಲೆ ಒಂದೊಂದೇ ಬರುತ್ತದೆ. ಟಿಕೆಟಿನ ಅಕ್ಕ ಅರ್ಧ ಗಂಟೆ ಹೇಳಿದರು. ಫೋನ್ ಮೂರನೇ ರಿಂಗಿನ ಒಳಗೆ ಎತ್ತಬೇಕು. ವಿಡಿಯೋ ಕಾಲ್ ಆದರೆ ಕ್ಯಾಮೆರಾ ಒಂದು ಸುತ್ತು ತಿರುಗಿಸಬೇಕು. ಅಮ್ಮನ ಹತ್ತಿರ ಸ್ಪೀಕರ್ ಹಾಕಿಯೇ ಮಾತಾಡಬೇಕು. ನೆಂಟರು ಬಂದರೆ ಎರಡು ಮಾತಾಡಿ ಒಳಗೆ ಹೋಗಬೇಕು. ಜಾಸ್ತಿ ನಗಬಾರದು. ಮೀನು ತರುವವನ ಹತ್ತಿರ ಚೌಕಾಸಿ ಮಾಡಬಾರದು, "ಅವನ ಹತ್ತಿರ ಎಂತ ಅಷ್ಟು ಮಾತು?" ಕೊನೆಗೆ ಸ್ವಲ್ಪ ಸುಮ್ಮನಿದ್ದು, "ಕನ್ನಡಿ ಎದುರು ಜಾಸ್ತಿ ಹೊತ್ತು ನಿಲ್ಲಬಾರದು" ಅಂದರು. ಇದನ್ನು ಗಂಡ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಅವರಿಗೇ ಗೊತ್ತಾಗಿತ್ತು.

ಹೇಳದೆಯೇ ಗೊತ್ತಾದ ಇಂಥ ನಿಯಮಗಳನ್ನು ತಪ್ಪದೇ ಬರೆಯಿರಿ. ಹಿಡಿತ ಹಳೆಯದಾದಷ್ಟು ಇವು ಜಾಸ್ತಿ.

ಪ್ರತಿ ನಿಯಮದ ಪಕ್ಕದಲ್ಲಿ ಮೂರು ಸಂಗತಿ ಬೇಕು. ಪಾಲಿಸಿದ್ದು ಅವರಿಗೆ ಹೇಗೆ ಗೊತ್ತಾಗುತ್ತದೆ? ಪಾಲಿಸದಿದ್ದರೆ ಏನು ಮಾಡುತ್ತೇನೆ ಅಂದಿದ್ದಾರೆ? ಕೊನೆಯ ಸಲ ತಪ್ಪಿದಾಗ ನಿಜವಾಗಿ ಏನಾಯಿತು, ಯಾವಾಗ? ದಿನಾಂಕ ನೆನಪಿಲ್ಲದಿದ್ದರೆ ಹಬ್ಬ ಹಿಡಿಯಿರಿ. "ಅಷ್ಟಮಿಯ ಮರುದಿನ", "ಮನೆಯ ದೈವದ ನೇಮಕ್ಕೆ ಎರಡು ದಿನ ಇರುವಾಗ", "ಮಗಳಿಗೆ ಶಾಲೆ ಶುರುವಾದ ವಾರ". ಆಮೇಲೆ ತಾರೀಕು ಹುಡುಕಬಹುದು.

ನೋಡುವ ಕಣ್ಣು ಗಂಡನದ್ದೇ ಆಗಬೇಕಿಲ್ಲ. ಗಂಡ ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾರೆ. ಇಲ್ಲಿ ಅತ್ತೆ ನೋಡುತ್ತಾರೆ, ಮೈದುನ ನೋಡುತ್ತಾನೆ, ಸಿಟೌಟಿನ ಸಿಸಿ ಕ್ಯಾಮೆರಾ ನೋಡುತ್ತದೆ. ದೂರ ಇರುವ ಗಂಡನಿಗೆ ಹಿಡಿತ ಕಡಿಮೆ ಅನ್ನುವುದು ನಮ್ಮ ಊರಿನ ದೊಡ್ಡ ತಪ್ಪು ತಿಳಿವಳಿಕೆ. ಯಾರು ನೋಡಿ ಯಾರಿಗೆ ಹೇಳುತ್ತಾರೆ ಅಂತಲೂ ಬರೆಯಿರಿ.

ಮೂರನೆಯದು: "ಇಲ್ಲ" ಅನ್ನುವುದಕ್ಕೆ ಎಷ್ಟು ಬೆಲೆ?

ಈಗ ಅಂಕ. ಇದು ನಾವು ಕೂತು ಮಾಡಿಕೊಂಡ ಕೈಅಳತೆ, ಪರೀಕ್ಷೆ ಪಾಸಾದ ಅಳತೆಗೋಲಲ್ಲ. ಕೋರ್ಟಿನಲ್ಲಿ ಈ ಅಂಕ ನಡೆಯುವುದಿಲ್ಲ. ಅದರ ಹಿಂದಿನ ಸಂಗತಿ ನಡೆಯುತ್ತದೆ.

ಪ್ರತಿ ನಿಯಮಕ್ಕೆ ಎರಡು ಅಂಕ. ಮೊದಲನೆಯದು, ಇದರ ಬಗ್ಗೆ ಗಲಾಟೆ ಎಷ್ಟು ಸಲ. ಯಾವತ್ತೂ ಇಲ್ಲದಿದ್ದರೆ 0, ತಿಂಗಳಿಗೊಮ್ಮೆ ಆದರೆ 1, ವಾರಕ್ಕೊಮ್ಮೆ 2, ದಿನಾ 3.

ಎರಡನೆಯದು, ನೀವು "ಆಗುವುದಿಲ್ಲ" ಅಂದರೆ ತೆರಬೇಕಾದ ಬೆಲೆ. ಏನೂ ಆಗದಿದ್ದರೆ 0. ಮುಖ ಊದಿಸಿಕೊಂಡು ಸಂಜೆಯ ಹೊತ್ತಿಗೆ ಸರಿಯಾದರೆ 1. ಇದು ಎಲ್ಲ ಮನೆಯಲ್ಲೂ ಇರುವುದೇ, ನಾನೂ ಊದಿಸಿಕೊಳ್ಳುತ್ತೇನೆ. ದಿನಗಟ್ಟಲೆ ಶಿಕ್ಷೆ ಆದರೆ 2: ಮಾತು ಬಂದ್, ಖರ್ಚಿಗೆ ದುಡ್ಡು ಬಂದ್, ತವರಿಗೆ ಫೋನ್ ಮಾಡಿ ಅಪ್ಪನಿಗೆ ಬೈಗಳು. ದೇಹಕ್ಕೆ, ಮಗುವಿಗೆ, ಮನೆಯಲ್ಲಿ ಇರುವುದಕ್ಕೇ ಕುತ್ತು ಬಂದಿದ್ದರೆ 3. "ಇಲ್ಲ ಅಂತ ಹೇಳುವುದಾ? ಅದು ಸಾಧ್ಯವೇ ಇಲ್ಲ" ಅನ್ನಿಸಿದರೂ 3.

ಎರಡನ್ನೂ ಕೂಡಿಸಬೇಡಿ. ಎಲ್ಲರೂ ಎಡವುವುದು ಇಲ್ಲೇ. ಕೂಡಿಸಿದರೆ ಗಲಾಟೆ ಜಾಸ್ತಿ ಇರುವ ಮನೆಯೇ ಕೆಟ್ಟ ಮನೆ ಅಂತ ಕಾಣುತ್ತದೆ. ಮೊದಲ ಅಂಕ 0, ಎರಡನೇ ಅಂಕ 3 ಬಂದ ಸಾಲು ಯಾವುದು ಅಂತ ಹುಡುಕಿ. ಗಲಾಟೆಯೇ ಇಲ್ಲ, ಆದರೆ ಇಲ್ಲ ಅನ್ನಲೂ ಆಗುವುದಿಲ್ಲ. ಹಿಡಿತ ಪೂರ್ತಿ ಕೂತಿರುವುದು ಆ ಸಾಲಿನಲ್ಲಿ. ಟಿಕೆಟಿನ ಅಕ್ಕ "ಅಮ್ಮನ ಜೊತೆ ಸ್ಪೀಕರ್ ಹಾಕಿ ಮಾತು" ಅನ್ನುವುದಕ್ಕೆ 0 ಮತ್ತು 3 ಹಾಕಿದರು. "ಈಗ ಅದರದ್ದು ಜಗಳವೇ ಇಲ್ಲ" ಅಂದರು. ಯಾಕೆ ಇಲ್ಲ ಅಂತ ಕೇಳಿದೆ. ನಾಲ್ಕು ವರ್ಷದ ಹಿಂದೆ ಒಂದು ಸಲ ಸ್ಪೀಕರ್ ಹಾಕಿರಲಿಲ್ಲ. ಆ ದಿನವೇ ಕೊನೆಯ ಏಟು ಬಿದ್ದದ್ದು.

ಬೆದರಿಕೆ ನಂಬುವಂಥದ್ದಾ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: "ಅವರು ಹಾಗೆ ಮಾಡಿಯಾರು ಅಂತ ಯಾಕೆ ಅನ್ನಿಸುತ್ತದೆ?" "ಒಮ್ಮೆ ಮಾಡಿದ್ದಾರೆ", "ಅಣ್ಣನಿಗೆ ಮಾಡಿದ್ದಾರೆ", "ನಾಯಿಗೆ ಮಾಡಿದ್ದು ನೋಡಿದ್ದೇನೆ". ಉತ್ತರವನ್ನು ಅವರದ್ದೇ ಮಾತಿನಲ್ಲಿ ಬರೆದಿಡಿ.

ಈ ಕ್ರಮದಲ್ಲಿ ಗಂಡಸರೂ ತಮ್ಮ ಮನೆಯನ್ನು ಅಳೆದು ನೋಡಬಹುದು. ಒಬ್ಬರು ಬಂದು "ನನ್ನ ಹೆಂಡತಿಯೂ ಫೋನ್ ಚೆಕ್ ಮಾಡ್ತಾಳೆ ಮಾರ್ರೆ" ಅಂದರು. ನೀವು ಕೊಡದಿದ್ದರೆ ಏನಾಗುತ್ತದೆ ಅಂತ ಕೇಳಿದೆ. "ಬೈತಾಳೆ, ಮತ್ತೆ ಊಟಕ್ಕೆ ಕರೀತಾಳೆ." ಎರಡನೇ ಅಂಕ 1.

ನಾಲ್ಕನೆಯದು: ಓಡಾಡುವ ಜಾಗ ಎಷ್ಟು ಉಳಿದಿದೆ?

ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ ಮದುವೆಗೆ ಮೊದಲು ಅಥವಾ ಮೊದಲ ವರ್ಷದಲ್ಲಿ ಯಾರನ್ನೂ ಕೇಳದೆ ಹೋಗುತ್ತಿದ್ದ ಜಾಗ, ಯಾರನ್ನೂ ಕೇಳದೆ ಮಾತಾಡುತ್ತಿದ್ದ ಜನ. ಇನ್ನೊಂದರಲ್ಲಿ ಇವತ್ತಿನದ್ದು. ಕದ್ರಿ ದೇವಸ್ಥಾನ, ಪಣಂಬೂರು ಬೀಚ್, ಕಾರ್ಕಳದ ಚಿಕ್ಕಮ್ಮನ ಮನೆ, ಸಂಘದ ಮೀಟಿಂಗ್, ಕಾಲೇಜಿನ ಗೆಳತಿ. ಒಬ್ಬರ ಮೊದಲ ಹಾಳೆಯಲ್ಲಿ ಹದಿನಾರು ಹೆಸರು ಇತ್ತು. ಎರಡನೆಯದರಲ್ಲಿ ಮೂರು: ಮಗುವಿನ ಶಾಲೆ, ರೇಷನ್ ಅಂಗಡಿ, ಅತ್ತೆ ಜೊತೆಗಿದ್ದರೆ ದೇವಸ್ಥಾನ. ಅವರು ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ನಾನು ಮಾತಾಡಲಿಲ್ಲ.

ಪ್ರತಿ ಹೆಸರು ಹೇಗೆ ಬಿಟ್ಟುಹೋಯಿತು ಅಂತ ಒಂದು ಸಾಲು ಬರೆಯಿರಿ. ಕೆಲವು ತಾನಾಗಿ ಹೋಗುತ್ತವೆ, ಗೆಳತಿ ಬೆಂಗಳೂರಿಗೆ ಹೋದಳು ಅಂತ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಅವಳು ಬಂದು ಹೋದ ಮೇಲೆ ಮನೆಯಲ್ಲಿ ಮೂರು ದಿನ ರಗಳೆ, ಹಾಗಾಗಿ ನಾನೇ ಬರಬೇಡ ಅಂದೆ" ಅನ್ನುವುದನ್ನು ಹಿಡಿಯಿರಿ. ಬೇಡ ಅಂದದ್ದು ನೀವೇ ಆದರೂ ಹಿಡಿಯಿರಿ.

ಇಲ್ಲಿ ಒಂದು ಮಾತು. ನಮ್ಮ ಕಡೆ "ಅಳಿಯಕಟ್ಟಿನ ಊರು ನಮ್ಮದು, ಇಲ್ಲಿ ಹೆಂಗಸರದ್ದೇ ಮನೆ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಅಳಿಯಕಟ್ಟು ಅಂದರೆ ಮನೆತನ, ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ. ಕುಟುಂಬದ ಮನೆ ಹೆಣ್ಣಿನ ಕಡೆಯದ್ದು ಇರಬಹುದು. ಅವಳು ಇವತ್ತು ರಾತ್ರಿ ಮಲಗುವುದು ಬಿಜೈಯ ಫ್ಲ್ಯಾಟಿನಲ್ಲಿ, ಬಾಗಿಲ ಕೀಲಿ ಒಂದೇ, ಅದು ಅವನ ಕಿಸೆಯಲ್ಲಿ. ಹಾಳೆಯಲ್ಲಿ ಬರೆಯಬೇಕಾದದ್ದು ಈ ಕೀಲಿಯನ್ನು.

ಐದನೆಯದು: ದುಡ್ಡು

ಇದು ಬೇಗ ಮುಗಿಯುತ್ತದೆ, ಯಾಕೆಂದರೆ ದುಡ್ಡಿಗೆ ದಾಖಲೆ ಇರುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬರುವುದು ನಿಮ್ಮ ಖಾತೆಗೆ. ಎಟಿಎಂ ಕಾರ್ಡ್ ಯಾರ ಹತ್ತಿರ? ಒಟಿಪಿ ಯಾರ ನಂಬರಿಗೆ? ಬೀಡಿ ಕಟ್ಟುವವರಾದರೆ ಮಜೂರಿಯನ್ನು ಯಾರು ತರುತ್ತಾರೆ? ಮದುವೆಯ ಚಿನ್ನ ಎಲ್ಲಿದೆ? ಅಡವು ಇಟ್ಟಿದ್ದರೆ ಚೀಟಿ ಯಾರ ಹೆಸರಲ್ಲಿ? ಸಂಘದಿಂದ ನಿಮ್ಮ ಹೆಸರಲ್ಲಿ ಸಾಲ ತೆಗೆಸಿ ಬೈಕ್ ಕೊಂಡವರು ಯಾರು?

ಬಸ್ ಚಾರ್ಜು ಸಣ್ಣದು ಅಂತ ಬಿಡಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ಹೆಂಗಸರಿಗೆ ಫ್ರೀ. ಆದರೆ ಮಂಗಳೂರು, ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಇಲ್ಲಿ ಮನೆಯಿಂದ ಹೊರಗೆ ಕಾಲಿಡಬೇಕಾದರೆ ಕೈಯಲ್ಲಿ ಚಿಲ್ಲರೆ ಬೇಕು. ಅದನ್ನು ಎಣಿಸಿ ಕೊಡುವವರು ನೀವು ಎಷ್ಟು ದೂರ ಹೋಗಬಹುದು ಅಂತಲೂ ಎಣಿಸಿಯೇ ಕೊಡುತ್ತಾರೆ.

ಆರನೆಯದು, ಆದರೆ ಬೇಕಾದರೆ ಇದನ್ನೇ ಮೊದಲು ಮಾಡಿ: ಜೀವದ ಅಪಾಯ

ಹಿಡಿತದ ಅಳತೆ ಬೇರೆ, ಜೀವಕ್ಕೆ ಅಪಾಯದ ಅಳತೆ ಬೇರೆ. ಕ್ಯಾಂಪ್‌ಬೆಲ್ ಅವರ ಈಗಿನ ಪಟ್ಟಿಯಲ್ಲಿ 20 ಪ್ರಶ್ನೆಗಳಿವೆ. "ನಿಮ್ಮ ದಿನದ ಹೆಚ್ಚಿನ ಕೆಲಸವೆಲ್ಲ ಅವರು ಹೇಳಿದ ಹಾಗೆಯೇ ನಡೆಯಬೇಕಾ" ಅನ್ನುವುದೂ ಅದರಲ್ಲಿ ಒಂದು. ಮನೆಯಲ್ಲಿ ಏಟು ಇಲ್ಲದಿದ್ದರೂ ಆ ಉತ್ತರ ಹೌದು ಬರಬಹುದು.

ಇವುಗಳಲ್ಲಿ ಒಂದು ಇದ್ದರೂ ಕ್ಯಾಲೆಂಡರ್, ಹಾಳೆ ಎಲ್ಲ ಬದಿಗಿಡಿ. ಕುತ್ತಿಗೆ ಹಿಚುಕಿದ್ದಾರೆ. ಕೊಲ್ಲುತ್ತೇನೆ ಅಂದಿದ್ದಾರೆ, ಅಥವಾ ನೀನು ಹೋದರೆ ನಾನು ಸಾಯುತ್ತೇನೆ ಅಂದಿದ್ದಾರೆ. ಕತ್ತಿ ತೋರಿಸಿದ್ದಾರೆ. ಬಸುರಿಯಾಗಿದ್ದಾಗ ಹೊಡೆದಿದ್ದಾರೆ. ಬೇಡ ಅಂದರೂ ಬಲವಂತವಾಗಿ ಮೇಲೆ ಬೀಳುತ್ತಾರೆ. ಹಿಂದೆ ಹಿಂದೆ ಬರುತ್ತಾರೆ. ಇತ್ತೀಚೆಗೆ ಎಲ್ಲವೂ ಜೋರಾಗಿದೆ.

ಕುತ್ತಿಗೆ ಹಿಚುಕಿದ್ದಕ್ಕೆ ಹೊರಗೆ ಗುರುತು ಇಲ್ಲದೆಯೂ ಇರಬಹುದು. ಸ್ವರ ಬದಲಾಗಿದೆ, ನುಂಗಲು ಕಷ್ಟ, ಉಸಿರು ಕಟ್ಟಿದ ಹಾಗೆ, ಕಣ್ಣಲ್ಲಿ ಕೆಂಪು ಚುಕ್ಕಿ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಂಗಳೂರಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಬಿದ್ದೆ ಅನ್ನಬೇಡಿ. ಹಿಚುಕಿದರು ಅಂತಲೇ ಹೇಳಿ, ಚೀಟಿಯಲ್ಲಿ ಹಾಗೇ ಬರೆಸಿ. ತುರ್ತಿಗೆ 112. ಹೆಂಗಸರ ಸಹಾಯವಾಣಿ 181.

ಬಿಟ್ಟು ಹೊರಡುವ ಹೊತ್ತು ಅತಿ ಅಪಾಯದ ಹೊತ್ತು. ಅದಕ್ಕೇ "ಮೊದಲು ಅವನನ್ನು ಬಿಟ್ಟು ಬಾ" ಅಂತ ಕೂಡಲೇ ಹೇಳುವವರನ್ನು ಕಂಡರೆ ನನಗೆ ಹೆದರಿಕೆ. ಹೊರಡುವುದಾದರೆ ಯಾವ ದಿನ, ಯಾರ ಜೊತೆ, ಎಲ್ಲಿಗೆ, ಆಧಾರ್, ಮಗುವಿನ ಸರ್ಟಿಫಿಕೇಟು ಎಲ್ಲಿದೆ, ಇಷ್ಟು ಮೊದಲೇ ತೀರ್ಮಾನ ಆಗಿರಲಿ. ಅವರಿಗೆ ಹೇಳಿ ಹೊರಡುವುದು ಬೇಡ.

ಅಕ್ಕ ತಂಗಿಯರಿಗೆ, ಗೆಳತಿಯರಿಗೆ

ಇವನ್ನೆಲ್ಲ ಗಂಡನ ಎದುರು ಕೇಳಬೇಡಿ, ಮಾತು ಬರುವ ವಯಸ್ಸಿನ ಮಗುವಿನ ಎದುರೂ ಬೇಡ. ಮಕ್ಕಳನ್ನು ಕೂರಿಸಿಕೊಂಡು "ಇವತ್ತು ಅಮ್ಮ ಯಾರ ಹತ್ತಿರ ಮಾತಾಡಿದ್ರು?" ಅಂತ ಕೇಳುವ ಅಪ್ಪಂದಿರು ಇದ್ದಾರೆ.

ಹಿರಿಯರನ್ನು ಕೂರಿಸಿ ಇಬ್ಬರನ್ನೂ ಎದುರುಬದುರು ಮಾತಾಡಿಸುವ ಪಂಚಾಯಿತಿಕೆ ನಮ್ಮಲ್ಲಿ ತುಂಬಾ ನಡೆಯುತ್ತದೆ. ಜಗಳಕ್ಕೆ ಅದು ಮದ್ದು. ಹಿಡಿತಕ್ಕೆ ಅಲ್ಲ. ಅಲ್ಲಿ ಅವಳು ಹೇಳಿದ ಒಂದೊಂದು ಮಾತಿಗೂ ಆ ರಾತ್ರಿ ಮನೆಯಲ್ಲಿ ಲೆಕ್ಕ ಕೊಡಬೇಕು. ಒಮ್ಮೆ ನಾನೇ ಹೀಗೆ ಇಬ್ಬರನ್ನೂ ಕೂರಿಸಿದ್ದೆ. ಗಂಡ ತುಂಬಾ ಮರ್ಯಾದೆಯಿಂದ ಮಾತಾಡಿದರು, "ಅಕ್ಕ, ನೀವು ಹೇಳಿದ ಹಾಗೆ" ಅಂದರು. ಹೊರಡುವಾಗ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮತ್ತೆ ಅವರು ಬರಲೇ ಇಲ್ಲ.

ಏಳನೆಯದು: ಅಳೆದದ್ದನ್ನು ಕಾಯಿದೆಯ ಮಾತಿಗೆ ತರುವುದು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಿಂದ ಇಂಥ ಹಿಡಿತವೇ ಒಂದು ಅಪರಾಧ, 5 ವರ್ಷದವರೆಗೆ ಜೈಲು. ಸ್ಕಾಟ್ಲೆಂಡಿನ ಕಾಯಿದೆ 2019ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಅಲ್ಲಿ 14 ವರ್ಷದವರೆಗೂ ಹೋಗಬಹುದು. ನಮ್ಮಲ್ಲಿ ಆ ಹೆಸರಿನ ಅಪರಾಧ ಇಲ್ಲ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ನಾವು ಅಂದುಕೊಂಡದ್ದಕ್ಕಿಂತ ಅಗಲ ಇದೆ. ದೇಹದ ಹಿಂಸೆ, ಲೈಂಗಿಕ ಹಿಂಸೆ, ಮಾತು ಮತ್ತು ಮನಸ್ಸಿನ ಹಿಂಸೆ, ಹಣಕಾಸಿನ ಹಿಂಸೆ, ನಾಲ್ಕೂ ಅದರ 3ನೇ ಸೆಕ್ಷನ್ನಿನಲ್ಲಿ ಇವೆ. ಮದುವೆಯಂಥ ಸಂಬಂಧದಲ್ಲಿ ಒಟ್ಟಿಗೆ ಇರುವವರಿಗೂ ಅನ್ವಯ.

ನಿಮ್ಮ ಬರಹ ಹೋಗಬೇಕಾದದ್ದು ಈ ಕಾಯಿದೆಯ ಕೆಲಸಕ್ಕೆ ನೇಮಿಸಿದ ರಕ್ಷಣಾಧಿಕಾರಿಯ ಹತ್ತಿರ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಅಂಗನವಾಡಿ ಟೀಚರಿಗೆ ಆ ಕಚೇರಿ ಗೊತ್ತಿರುತ್ತದೆ. ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರದಲ್ಲೂ ದಾರಿ ಹೇಳುತ್ತಾರೆ. ಅಲ್ಲಿ ತುಂಬಿಸುವುದು "ಕೌಟುಂಬಿಕ ಘಟನೆಯ ವರದಿ", ನಮೂನೆ 1. ಆ ನಮೂನೆ ಓದಿದರೆ ಆಶ್ಚರ್ಯ ಆಗುತ್ತದೆ. ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು, ಇಂಥವರನ್ನು ನೋಡಬಾರದು ಅನ್ನುವುದು, ಕೆಲಸಕ್ಕೆ ಹೋಗಲು ಬಿಡದಿರುವುದು, ಸಂಬಳ ಕಿತ್ತುಕೊಳ್ಳುವುದು ಎಲ್ಲ ಅಲ್ಲೇ ಇವೆ. ನಿಮ್ಮ ಎರಡನೇ ಹೆಜ್ಜೆಯ ಪಟ್ಟಿಯನ್ನು ಎದುರಿಗಿಟ್ಟು ಒಂದೊಂದನ್ನೂ ಆ ಸಾಲಿಗೆ ಹಾಕಿಸಿ. "ತುಂಬಾ ತೊಂದರೆ ಕೊಡುತ್ತಾರೆ" ಅಂತ ಬರೆಸಿದರೆ ಯಾವ ಮ್ಯಾಜಿಸ್ಟ್ರೇಟರಿಗೂ ಏನೂ ಕಾಣುವುದಿಲ್ಲ. "ದಿನಾ ಬಸ್ ಟಿಕೆಟ್ ತೋರಿಸಬೇಕು, ಇಂಥ ದಿನ 20 ನಿಮಿಷ ತಡವಾದ್ದಕ್ಕೆ ರಾತ್ರಿ ಹೊರಗೆ ನಿಲ್ಲಿಸಿದರು, ಮಳೆ ಬರುತ್ತಿತ್ತು" ಅಂದರೆ ಕಾಣುತ್ತದೆ.

ಅದೇ ಕಾಯಿದೆಯ 12ನೇ ಸೆಕ್ಷನ್ನಿನ ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಮೊದಲ ತಾರೀಕು ಸಾಮಾನ್ಯವಾಗಿ 3 ದಿನದೊಳಗೆ ಇರಬೇಕು, 60 ದಿನದಲ್ಲಿ ತೀರ್ಮಾನ ಮಾಡಲು ಯತ್ನಿಸಬೇಕು ಅಂತ ಕಾಯಿದೆ ಹೇಳುತ್ತದೆ. ನಡೆಯುವುದು ಇದಕ್ಕಿಂತ ನಿಧಾನ, ತಯಾರಾಗಿರಿ. ಮಧ್ಯಂತರ ಆದೇಶ ಕೇಳಿ ಅಂತ ವಕೀಲರಿಗೆ ಮೊದಲ ದಿನವೇ ಹೇಳಿ. ಮನೆ ಅತ್ತೆ ಮಾವನ ಹೆಸರಲ್ಲಿ ಇದೆ, ನಿನಗೆ ಹಕ್ಕಿಲ್ಲ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಗಂಡನ ಸಂಬಂಧಿಕರ ಹೆಸರಿನ ಮನೆಯೂ ಒಟ್ಟಿಗೆ ಬಾಳಿದ ಮನೆ ಆಗಬಹುದು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹೇಳಿದೆ. ರಕ್ಷಣೆಯ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ನಿಲ್ಲಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಪೊಲೀಸ್ ಕೇಸು ಬೇರೆ ದಾರಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಬಗ್ಗೆ ಇದ್ದ ಹಳೆಯ 498ಎ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86. ಕೊಡಬೇಕೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ. ಮೆಸೇಜಿನ ಸ್ಕ್ರೀನ್‌ಶಾಟ್ ಕೊಡುವುದಾದರೆ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿಗೆ ಅದರ ಜೊತೆ ಒಂದು ಸರ್ಟಿಫಿಕೇಟು ಬೇಕು, ವಕೀಲರು ಮಾಡಿಸುತ್ತಾರೆ.

ಮತ್ತೆ ಅಳೆಯುವುದು

ಮೂರು ತಿಂಗಳಿಗೊಮ್ಮೆ ಅದೇ ಪಟ್ಟಿ ತೆಗೆದು, ಹಳೆಯ ಅಂಕ ನೋಡದೆ ಹೊಸದಾಗಿ ಹಾಕಿ. "ಈಗ ಅವರು ತುಂಬಾ ಬದಲಾಗಿದ್ದಾರೆ" ಅನ್ನಿಸುತ್ತಿದ್ದರೆ ಇದನ್ನು ತಪ್ಪದೇ ಮಾಡಿ. ಗಲಾಟೆಯ ಅಂಕ ಇಳಿದಿರುತ್ತದೆ, ಮಲ್ಲಿಗೆ ಬಂದಿರುತ್ತದೆ, ಮಗುವಿಗೆ ಸೈಕಲ್ ಬಂದಿರುತ್ತದೆ. "ಇಲ್ಲ" ಅನ್ನುವುದರ ಬೆಲೆ ಇಳಿದಿದೆಯಾ? ಒಂದು ಸಣ್ಣ ಸಂಗತಿಗೆ, ಅಪಾಯ ಇಲ್ಲದ ದಿನ, "ಇವತ್ತು ಆಗುದಿಲ್ಲ" ಅಂದಾಗ ಏನಾಯಿತು ಅಂತ ನೆನಪಿಸಿಕೊಳ್ಳಿ. ಬೇಕಂತಲೇ ಪರೀಕ್ಷೆ ಮಾಡಲು ಹೋಗಬೇಡಿ.

ಬೇರೆ ಮನೆಗೆ ಹೋದ ಮೇಲೂ ಅಳತೆ ನಿಲ್ಲಿಸಬೇಡಿ. ಟಿಕೆಟಿನ ಅಕ್ಕ ಈಗ ತಮ್ಮ ಅಮ್ಮನ ಮನೆಯಲ್ಲಿದ್ದಾರೆ. ಮೊದಲ ತಿಂಗಳು ಪಟ್ಟಿ ಖಾಲಿ ಇತ್ತು. ಎರಡನೇ ತಿಂಗಳು ಮಗನಿಗೆ ಅಪ್ಪನಿಂದ ಒಂದು ಹೊಸ ಫೋನ್ ಬಂತು. ರಾತ್ರಿ ಎಂಟಕ್ಕೆ ವಿಡಿಯೋ ಕಾಲ್. "ಮನೆ ಹೇಗುಂಟು, ತೋರಿಸು ಮಗ" ಅಂದರೆ ಹುಡುಗ ಕ್ಯಾಮೆರಾ ಹಿಡಿದು ಒಂದು ಸುತ್ತು ತಿರುಗುತ್ತಾನೆ. ಅವರು ಫೋನ್ ಮಾಡಿ ಕೇಳಿದರು, "ಅಕ್ಕ, ಇದನ್ನು ಬರೀಬೇಕಾ?"

ಬರೆಯಬೇಕು. ಹೊಸ ಸಾಲು, ತಾರೀಕು, ಎರಡು ಅಂಕ. ಮಕ್ಕಳ ಭೇಟಿಯ ಬಗ್ಗೆ ಕೋರ್ಟಿನಲ್ಲಿ ಮಾತು ಬರುವ ದಿನ ವಕೀಲರು ಮೊದಲು ಕೇಳುವುದು ಆ ಹಾಳೆಯನ್ನು.